ಪದ ಪರಿಚಯ: ದಲ್ಲಾಳಿ (ಕೊಡಗಿನ ಕಾಫಿ ವ್ಯಾಪಾರದಲ್ಲಿ)

ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿ, ವ್ಯಾಪಾರ ಕುದುರಿಸಿ, ಅದಕ್ಕೆ ಕಮಿಷನ್ ಪಡೆಯುವವನು ದಲ್ಲಾಳಿ. ಮಾಲು ಒಂದು ಗಳಿಗೆಯೂ ಅವನದಾಗುವುದಿಲ್ಲ. ನಾಳೆ ದರ ಬಿದ್ದರೆ ನಷ್ಟ ಅವನಿಗಿಲ್ಲ, ಏರಿದರೆ ಲಾಭವೂ ಇಲ್ಲ. ವ್ಯಾಪಾರಿ ಹಾಗಲ್ಲ, ಸ್ವಂತ ದುಡ್ಡು ಹಾಕಿ ಕೊಂಡು ಮಾರುತ್ತಾನೆ. ಕಮಿಷನ್ ಏಜೆಂಟ್ ಮಾಲನ್ನು ತನ್ನ ಮಂಡಿಯಲ್ಲಿ ಇಳಿಸಿಕೊಂಡು ಬೆಳೆಗಾರರ ಪರವಾಗಿ ಮಾರುತ್ತಾನೆ. ಕರ್ನಾಟಕದ 1966ರ ಎಪಿಎಂಸಿ ಕಾಯ್ದೆಯೂ ಈ ಮೂವರನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಆದರೆ ಗೋಣಿಕೊಪ್ಪದಲ್ಲೋ ಸಿದ್ದಾಪುರದಲ್ಲೋ ಒಬ್ಬನೇ ಬೆಳಿಗ್ಗೆ ದಲ್ಲಾಳಿ, ಮಧ್ಯಾಹ್ನ ವ್ಯಾಪಾರಿ ಆಗಿರುವುದುಂಟು. ತಕರಾರುಗಳು ಬಹುಪಾಲು ಹುಟ್ಟುವುದೇ ಅಲ್ಲಿ.

ಕಾಫಿಯಲ್ಲಿ ಈ ಕಸುಬು ಈಗಿನ ರೂಪಕ್ಕೆ ಬಂದು ಬಹಳ ಕಾಲವಾಗಿಲ್ಲ. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ) ಒಪ್ಪಿಸಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. 1992ರ ಸುಮಾರಿಗೆ ನಿಯಮ ಸಡಿಲವಾಗತೊಡಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಇಪ್ಪತ್ತು ಚೀಲ ಬೆಳೆಯುವವರಿಗೆ ರಫ್ತುದಾರರ ಪರಿಚಯವಿಲ್ಲ, ರಫ್ತುದಾರರಿಗೆ ಇಪ್ಪತ್ತು ಚೀಲಕ್ಕೆ ಲಾರಿ ಕಳಿಸಿದರೆ ಗಿಟ್ಟುವುದಿಲ್ಲ. ಆ ನಡುವಿನ ಜಾಗ ದಲ್ಲಾಳಿಯದು.

ದರದ ಬಗ್ಗೆ ಅವನು ಮುಚ್ಚಿಡುವಂಥದ್ದು ಈಗ ಹೆಚ್ಚೇನೂ ಉಳಿದಿಲ್ಲ. ರೊಬಸ್ಟಾ ಜಾತಿಯ ಕಾಫಿಗೆ ಲಂಡನ್, ಅರೇಬಿಕಾ ಜಾತಿಗೆ ನ್ಯೂಯಾರ್ಕ್ ಟರ್ಮಿನಲ್ (ವಾಯಿದಾ ಪೇಟೆಯ) ದರ ಎಲ್ಲರ ಮೊಬೈಲಿನಲ್ಲೂ ಬರುತ್ತದೆ. ಲಂಡನ್ ದರ ಟನ್ನಿಗೆ ಡಾಲರ್ ಲೆಕ್ಕ: 4000 ಡಾಲರ್ ಇದ್ದು, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೇಳೆ) ಕಿಲೋಗೆ 340 ರೂಪಾಯಿ. ಅದರಲ್ಲಿ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೇಳೆ ವಿಂಗಡಿಸುವ ಕೆಲಸ), ಸಾಗಾಟ, ರಫ್ತುದಾರರ ಪಾಲು ಕಳೆಯಬೇಕು. ನಮ್ಮ ಮಾಲಿಗೆ ಪ್ರೀಮಿಯಂ ಇದ್ದರೆ ಕೂಡಿಸಬೇಕು. ದುಡ್ಡು ಸೋರುವುದು ದರದಲ್ಲಿ ಅಲ್ಲ, ದರ ಮುಗಿದ ಮೇಲಿನ ಲೆಕ್ಕದಲ್ಲಿ.

ಆ ಲೆಕ್ಕದಲ್ಲಿ ಮೊದಲನೆಯದು ಔಟ್‌ಟರ್ನ್, ಆಡುಮಾತಿನಲ್ಲಿ ಓಟಿ. 50 ಕಿಲೋದ ಒಂದು ಚೀಲ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಹಲ್ಲಿಂಗ್ ಮಾಡಿದರೆ, ಅಂದರೆ ಸಿಪ್ಪೆ ಬಿಡಿಸಿದರೆ, ಎಷ್ಟು ಕಿಲೋ ಬೇಳೆ ಸಿಗುತ್ತದೋ ಅದು ಓಟಿ. ರೊಬಸ್ಟಾ ಚೆರಿಯಲ್ಲಿ ಸಾಮಾನ್ಯವಾಗಿ 26ರಿಂದ 28. ಸ್ಯಾಂಪಲ್ 500 ಗ್ರಾಂ ತೆಗೆದು ಸಿಪ್ಪೆ ಬಿಡಿಸಿ ತೂಗಿದಾಗ 270 ಗ್ರಾಂ ಬೇಳೆ ಬಂದರೆ 270ನ್ನು 500ರಿಂದ ಭಾಗಿಸಿ 50ರಿಂದ ಗುಣಿಸಿ: ಓಟಿ 27. "ಓಟಿಗೆ 350" ಎಂದರೆ ಓಟಿಯ ಒಂದೊಂದು ಅಂಕಕ್ಕೂ 350 ರೂಪಾಯಿ, ಓಟಿ 27 ಇದ್ದರೆ ಚೀಲಕ್ಕೆ 9450 ರೂಪಾಯಿ. ಓಟಿ ಒಂದು ಇಳಿದರೆ ಚೀಲಕ್ಕೆ 350 ಹೋಯಿತು, ನೂರು ಚೀಲಕ್ಕೆ 35,000. ದರದಲ್ಲಿ ಐದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಸ್ಯಾಂಪಲ್ ತೆಗೆಯುವಾಗ ಕಣದ ಇನ್ನೊಂದು ತುದಿಯಲ್ಲಿ ನಿಲ್ಲುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.

ಹಾಗಾಗಿ ಸ್ಯಾಂಪಲ್ ಎಲ್ಲಿಂದ ತೆಗೆದರು ಎಂಬುದನ್ನು ನೋಡಬೇಕು. ಒಂದೇ ಚೀಲದ ಬಾಯಿಂದ ಹಿಡಿ ಕಾಯಿ ತೆಗೆದರೆ ಅದು ಮಾಲಿನ ಲೆಕ್ಕವಲ್ಲ. ಮೊದಲ ಕೊಯ್ಲಿನದು, ಮಳೆಗೆ ಸಿಕ್ಕಿ ಉದುರಿದ್ದು, ಬೋರರ್ ಹುಳು ತಿಂದದ್ದು ಬೇರೆಬೇರೆ ಚೀಲದಲ್ಲಿರುತ್ತವೆ. ಹಲವು ಚೀಲಗಳ ಮೇಲೆ, ನಡು, ತಳ ಮೂರೂ ಕಡೆಯಿಂದ ತೆಗೆದು, ಟಾರ್ಪಾಲಿನ ಮೇಲೆ ಚೆನ್ನಾಗಿ ಬೆರೆಸಿ, ಆ ರಾಶಿಯಿಂದ ಮೂರು ಪಾಲು ಮಾಡಬೇಕು: ಒಂದು ದಲ್ಲಾಳಿಗೆ, ಒಂದು ಕೊಳ್ಳುವವರಿಗೆ, ಒಂದು ಸಹಿ ಹಾಕಿ ಮುಚ್ಚಿ ಬೆಳೆಗಾರರ ಮನೆಯಲ್ಲಿ. ಕಪ್ಪು ಬೇಳೆ, ಚೂರು ಕಳೆದು ಓಟಿ ಹಾಕುತ್ತಾರೋ ಸೇರಿಸಿಯೋ ಎಂಬುದನ್ನೂ ತೂಕಕ್ಕೆ ಮೊದಲೇ ಕೇಳಿಬಿಡಬೇಕು.

ಎರಡನೆಯದು ತೇವಾಂಶ. ರೊಬಸ್ಟಾ ಚೆರಿಗೆ ಶೇ 11 ಒಪ್ಪಿತ ಮಟ್ಟ. ಮೀಟರ್ 12.5 ತೋರಿಸಿದರೆ ಕಡಿತ ಎಷ್ಟಿರಬೇಕು? 50 ಕಿಲೋದಲ್ಲಿ ಒಣ ಅಂಶ 43.75 ಕಿಲೋ. ಶೇ 11 ತೇವಕ್ಕೆ ಇಳಿಸಿದರೆ ಅದು 49.16 ಕಿಲೋ ಮಾಲಿಗೆ ಸಮ. ಅಂದರೆ ಚೀಲಕ್ಕೆ 840 ಗ್ರಾಂ. "ಒಂದೂವರೆ ಜಾಸ್ತಿ ಇದೆ, ಒಂದೂವರೆ ಕಿಲೋ ಕಟ್" ಎಂದರೆ 660 ಗ್ರಾಂ ಸುಮ್ಮನೆ ಹೋದ ಹಾಗೆ. ಗೋಣಿಚೀಲದ ತೂಕಕ್ಕೂ ಅಂದಾಜು ಬೇಡ, ನಾಲ್ಕೈದು ಖಾಲಿ ಚೀಲ ತೂಗಿ ಸರಾಸರಿ ಹಿಡಿದರಾಯಿತು.

ದಲ್ಲಾಳಿ ಯಾರ ಕಡೆಯವನು? ಕಮಿಷನ್ ಕೊಡುವವರ ಕಡೆಯವನು. ಕೊಳ್ಳುವವರೇ ಕೊಡುತ್ತಿದ್ದರೆ "ನಮಗೇನೂ ಖರ್ಚಿಲ್ಲ" ಎಂದು ಬೆಳೆಗಾರರು ಸಮಾಧಾನಪಡುತ್ತಾರೆ, ಆದರೆ ಆ ಹಣ ದರದಲ್ಲೇ ಇಳಿದಿರುತ್ತದೆ. ಎರಡೂ ಕಡೆಯಿಂದ ಪಡೆಯುವುದು ತಪ್ಪಲ್ಲ, ಎರಡೂ ಕಡೆಗೆ ತಿಳಿದಿರಬೇಕು ಅಷ್ಟೆ. ಒಳ್ಳೆಯ ದಲ್ಲಾಳಿಗೆ ಕೊಟ್ಟ ಕಮಿಷನ್ ದಂಡವೂ ಅಲ್ಲ. ಯಾವ ಕ್ಯೂರಿಂಗ್ ವರ್ಕ್ಸ್ ಈ ವಾರ ಚೆರಿ ಹುಡುಕುತ್ತಿದೆ, ಯಾರ ಚೆಕ್ ತಡವಾಗಿ ಪಾಸಾಗುತ್ತದೆ ಎಂಬುದು ಅವನಿಗೆ ಗೊತ್ತು. ಆ ಮಾಹಿತಿಗೇ ಬೆಲೆ.

ದೊಡ್ಡ ಅಪಾಯ ಇರುವುದು ಡೆಪಾಸಿಟ್‌ನಲ್ಲಿ. ಕಣದಲ್ಲಿ ಜಾಗವಿಲ್ಲ, ದರ ಏರಬಹುದೆಂಬ ಆಸೆ ಬೇರೆ, ಬೆಳೆಗಾರರು ರೇಟ್ ಫಿಕ್ಸ್ ಮಾಡದೆ ಮಾಲನ್ನು ದಲ್ಲಾಳಿಯ ಗೋದಾಮಿಗೆ ಹಾಕುತ್ತಾರೆ. ಅಲ್ಲಿಗೆ ಅವನು ದಲ್ಲಾಳಿಯಾಗಿ ಉಳಿಯಲಿಲ್ಲ. ಹಲವು ತೋಟಗಳ ಕಾಫಿ ಬೆರೆತು, ಎಷ್ಟೋ ಸಲ ಅಂದೇ ಮಾರಿಹೋಗುತ್ತದೆ. ಬೆಳೆಗಾರರ ಕೈಯಲ್ಲಿ ಉಳಿಯುವುದು ತೂಕದ ಚೀಟಿ ಮಾತ್ರ. ದರ ದಿಢೀರನೆ ಏರಿದಾಗ ಅವನು ಮಾರಿದ ಬೆಲೆಗೂ ಕೊಡಬೇಕಾದ ಬೆಲೆಗೂ ಅಂತರ ಬಿದ್ದು, ಅಂಗಡಿ ಬಾಗಿಲು ಹಾಕುವುದು ಆಗಲೇ. ಕಾಯಲೇಬೇಕೆಂದರೆ ನೋಂದಾಯಿತ ಉಗ್ರಾಣದಲ್ಲಿಟ್ಟು ರಸೀದಿ ಪಡೆಯುವುದು ಲೇಸು. 2007ರ ಉಗ್ರಾಣ ಕಾಯ್ದೆಯಡಿ ಕೊಡುವ ಆ ರಸೀದಿಯನ್ನು ಅಡವಿಟ್ಟು ಬ್ಯಾಂಕ್ ಸಾಲವನ್ನೂ ಪಡೆಯಬಹುದು.

ಕರಿಮೆಣಸಿಗೆ ಓಟಿಯ ಬದಲು ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯಲ್ಲಿ ಎಷ್ಟು ಗ್ರಾಂ ಎಂಬುದು. ಜೊಳ್ಳು ಹೆಚ್ಚಿದ್ದಷ್ಟೂ ಅದು ಇಳಿಯುತ್ತದೆ. ಉಳಿದ ಕ್ರಮವೆಲ್ಲ ಒಂದೇ. ಯಾವುದೇ ಮಾಲಿರಲಿ, ಲಾರಿ ಕಣ ಬಿಡುವ ಮೊದಲು ಒಂದು ಚೀಟಿಯಲ್ಲಿ ಕೊಳ್ಳುವವರ ಹೆಸರು, ಚೀಲ, ತೂಕ, ತೇವ, ಓಟಿ ಅಥವಾ ಲೀಟರ್ ತೂಕ, ದರ, ಹಣ ಕೊಡುವ ದಿನ ಬರೆಸಿ ಸಹಿ ಹಾಕಿಸಬೇಕು. ಕೊಳ್ಳುವವರ ಹೆಸರಿನ ಜಾಗದಲ್ಲಿ ದಲ್ಲಾಳಿ ತನ್ನದೇ ಹೆಸರು ಬರೆದರೆ, ಹಣ ಕೇಳಬೇಕಾದದ್ದು ಅವನನ್ನೇ.