ಹತ್ತು ವರ್ಷದ ವಾರಂಟಿಯೇ ಹ್ಯುಂಡೈಗೆ ಅಮೆರಿಕದಲ್ಲಿ ಹೆಸರು ತಂದಿತೇ?

ಪ್ರಶ್ನೆ: ಮಗ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ಅಲ್ಲಿ ಹಳೆಯ ಹ್ಯುಂಡೈ ಕಾರೊಂದನ್ನು ಕೊಳ್ಳುವ ಯೋಚನೆ ಇದೆ. ಒಂದು ಕಾಲದಲ್ಲಿ ಅಮೆರಿಕನ್ನರು ಈ ಕಾರನ್ನು ಕಂಡು ನಗುತ್ತಿದ್ದರಂತೆ, ಹತ್ತು ವರ್ಷದ ವಾರಂಟಿ ಕೊಟ್ಟ ಮೇಲೆ ಒಳ್ಳೆಯ ಹೆಸರು ಬಂತಂತೆ. ನಿಜವೇ?

ಉತ್ತರ: ಏಪ್ರಿಲ್ ಬಂತೆಂದರೆ ಮಾವಿನಕಾಯಿಯ ಜೊತೆಗೆ ಈ ಪ್ರಶ್ನೆಯೂ ಬರುತ್ತದೆ. ಕೇಳುವವರ ಊರು ಬೇರೆ, ಮಗನ ಬದಲು ಒಮ್ಮೊಮ್ಮೆ ಮಗಳು, ಆದರೆ ‘ಹತ್ತು ವರ್ಷದ ವಾರಂಟಿ’ ಎಂಬ ಮಾತು ಮಾತ್ರ ಎಲ್ಲರ ಪತ್ರದಲ್ಲೂ ಒಂದೇ. ಅರ್ಧ ಸತ್ಯ ಎಂದು ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಮರುವರ್ಷ ಅದೇ ಅರ್ಧ ಸತ್ಯ ಪೂರ್ಣ ಸತ್ಯದ ವೇಷ ತೊಟ್ಟು ಮತ್ತೆ ಬಂದು ನಿಲ್ಲುತ್ತದೆ. ಆದ್ದರಿಂದ ಈ ಸಲ ಕೊಂಚ ಉದ್ದವಾಗಿಯೇ ಬರೆಯುತ್ತೇನೆ.

ನಕ್ಕದ್ದು ನಿಜ. 1986ರಲ್ಲಿ ಹ್ಯುಂಡೈ ಎಕ್ಸೆಲ್ ಎಂಬ ಚಿಕ್ಕ ಕಾರನ್ನು 4,995 ಡಾಲರ್‌ಗೆ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಮೊದಲ ವರ್ಷವೇ 1,68,882 ಕಾರುಗಳು ಹೋದವು. ಹೊರದೇಶದ ಯಾವ ಕಂಪನಿಯೂ ಅಲ್ಲಿ ಕಾಲಿಟ್ಟ ವರ್ಷದಲ್ಲೇ ಅಷ್ಟು ಮಾರಿರಲಿಲ್ಲ. ಮರುವರ್ಷ ಎರಡೂವರೆ ಲಕ್ಷ ದಾಟಿತು. ಆಮೇಲೆ ಚಳಿಗಾಲಗಳು ಬಂದವು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಎಕ್ಸೆಲ್‌ನ ತೆಳು ತಗಡನ್ನು ತಿಂದಿತು. ಎಂಜಿನ್ನೂ ಕೈಕೊಡತೊಡಗಿತು. ಮಾರಲು ಹೋದರೆ ಕೇಳುವವರಿಲ್ಲ. ಟಿವಿಯ ರಾತ್ರಿ ಕಾರ್ಯಕ್ರಮಗಳ ಹಾಸ್ಯಗಾರರಿಗೆ ಹ್ಯುಂಡೈ ಎಂಬ ಹೆಸರೇ ಸಿದ್ಧ ಜೋಕಾಯಿತು. ನೆರೆಯ ಕೆನಡಾದ ಬ್ರೊಮಾಂಟ್‌ನಲ್ಲಿ 1989ರಲ್ಲಿ ತೆರೆದ ಕಾರ್ಖಾನೆಯನ್ನು 1993ರಲ್ಲಿ ಮುಚ್ಚಬೇಕಾಯಿತು. 1998ರ ಹೊತ್ತಿಗೆ ಅಮೆರಿಕದಲ್ಲಿ ವರ್ಷದ ಮಾರಾಟ 90 ಸಾವಿರದ ಆಸುಪಾಸಿಗೆ ಇಳಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದಿದ್ದವನೂ ಕುಂಬಾರನೇ.

ಆಗ ಬಂತು ನಿಮ್ಮ ವಾರಂಟಿ. 1998ರ ಕೊನೆಯಲ್ಲಿ ಹ್ಯುಂಡೈನ ಅಮೆರಿಕದ ಶಾಖೆ ಘೋಷಿಸಿತು: ಇಡೀ ಕಾರಿಗೆ ಐದು ವರ್ಷ ಅಥವಾ 60 ಸಾವಿರ ಮೈಲಿ, ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಅರವತ್ತು ಸಾವಿರ ಕಿಲೋಮೀಟರು. ಶಾಖೆಯ ಹೊಣೆ ಹೊತ್ತಿದ್ದ ಫಿನ್‌ಬಾರ್ ಓನೀಲ್ ಮೂಲತಃ ಕಂಪನಿಯ ಕಾನೂನು ಸಲಹೆಗಾರರು. ಮಾತು ಕೊಟ್ಟು ತಪ್ಪಿದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. (ವಾರಂಟಿ ಎಂದೇ ಬರೆಯುತ್ತಿದ್ದೇನೆ, ಗಮನಿಸಿ. ‘ಗ್ಯಾರಂಟಿ’ ಎಂದರೆ ಕರ್ನಾಟಕದಲ್ಲಿ ಈಗ ಮಾತು ಬೇರೆಲ್ಲಿಗೋ ಹೋಗುತ್ತದೆ.)

ಮಾರಾಟ ಏರಿತೇ? ಏರಿತು. 2001ರ ಹೊತ್ತಿಗೆ ವರ್ಷಕ್ಕೆ ಮೂರು ಲಕ್ಷ ನಲವತ್ತು ಸಾವಿರ ದಾಟಿತು. ‘ನೋಡಿ, ವಾರಂಟಿಯೇ ಕಾರಣ’ ಎನ್ನುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ.

ಮಾರಾಟ ಬೇರೆ, ಹೆಸರು ಬೇರೆ. 1987ರಲ್ಲೂ ಹ್ಯುಂಡೈ ಮಾರಾಟ ಭರ್ಜರಿಯಾಗಿತ್ತು, ಆ ಮಾರಾಟವೇ ಅದರ ಹೆಸರನ್ನು ಕೆಡಿಸಿತು. ಕೆಟ್ಟ ಕಾರನ್ನು ಎರಡೂವರೆ ಲಕ್ಷ ಜನಕ್ಕೆ ಮಾರಿದರೆ ಎರಡೂವರೆ ಲಕ್ಷ ಬಾಯಿಗಳು ಅದರ ಬಗ್ಗೆ ಮಾತಾಡುತ್ತವೆ. ವಾರಂಟಿ ಗಿರಾಕಿಯನ್ನು ಷೋರೂಮಿನ ಬಾಗಿಲವರೆಗೆ ಕರೆತರಬಲ್ಲದು. ಐದು ವರ್ಷದ ನಂತರ ಅವನು ಪಕ್ಕದ ಮನೆಯವನಿಗೆ ಏನು ಹೇಳುತ್ತಾನೆ ಎಂಬುದು ಅದರ ಕೈಯಲ್ಲಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಟೊಯೊಟಾ ಮತ್ತು ಹೋಂಡಾ ಅಮೆರಿಕದಲ್ಲಿ ಎಂಜಿನ್-ಗೇರ್‌ಬಾಕ್ಸಿಗೆ ಕೊಡುವುದು ಐದು ವರ್ಷ, 60 ಸಾವಿರ ಮೈಲಿ. ಹೆಚ್ಚು ವಾರಂಟಿಯಿಂದ ಹೆಚ್ಚು ಹೆಸರು ಬರುವುದಾದರೆ ಹ್ಯುಂಡೈ ಅಂದೇ ಇವೆರಡನ್ನೂ ಹಿಂದೆ ಹಾಕಬೇಕಿತ್ತು. ನಂಬಿಕೆಯಿರುವ ಅಂಗಡಿಯಲ್ಲಿ ಯಾರೂ ರಸೀದಿಗೆ ಹಟ ಹಿಡಿಯುವುದಿಲ್ಲ. ಅಪನಂಬಿಕೆಗೆ ಹ್ಯುಂಡೈ ತೆತ್ತ ದಂಡ ಆ ಹೆಚ್ಚುವರಿ ಐದು ವರ್ಷ.

ಇದೂ ಸಾಲದೆ? ಹಾಗಾದರೆ ಮಿತ್ಸುಬಿಷಿಯನ್ನು ನೋಡಿ. ಅದೂ ಅಮೆರಿಕದಲ್ಲಿ ಅದೇ ಹತ್ತು ವರ್ಷ, ಒಂದು ಲಕ್ಷ ಮೈಲಿಯ ವಾರಂಟಿ ಕೊಟ್ಟಿತು, ಆದರೂ ಅಲ್ಲಿ ಮೂಲೆ ಸೇರಿತು. ತಮಾಷೆಯೆಂದರೆ ಎಕ್ಸೆಲ್‌ಗೆ ತಂತ್ರಜ್ಞಾನ ಕೊಟ್ಟ ಗುರು ಇದೇ ಮಿತ್ಸುಬಿಷಿ. ಕ್ರೈಸ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2007ರಲ್ಲಿ ಎಂಜಿನ್-ಗೇರ್‌ಬಾಕ್ಸಿಗೆ ಜೀವಮಾನದ ವಾರಂಟಿ ಘೋಷಿಸಿತು. ಜೀವಮಾನ! ಎರಡು ವರ್ಷ ತುಂಬುವ ಮೊದಲೇ, 2009ರ ಏಪ್ರಿಲ್ 30ರಂದು, ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ವಾರಂಟಿಗೆ ಹೆಸರು ತರುವ ಮಂತ್ರಶಕ್ತಿ ಇದ್ದಿದ್ದರೆ ಇಂದು ಅಮೆರಿಕನ್ನರು ಕ್ರೈಸ್ಲರ್ ಮುಂದೆ ಸಾಲುಗಟ್ಟಿ ನಿಲ್ಲಬೇಕಿತ್ತು.

ಹಾಗಾದರೆ ಹೆಸರು ಬಂದದ್ದು ಎಲ್ಲಿಂದ? ದಕ್ಷಿಣ ಕೊರಿಯಾದ ಉಲ್ಸಾನ್ ಕಾರ್ಖಾನೆಯಿಂದ. 1999ರಲ್ಲಿ ಹ್ಯುಂಡೈ ಮೋಟರ್‌ನ ಅಧ್ಯಕ್ಷರಾದ ಚುಂಗ್ ಮೊಂಗ್-ಕೂ ಸಂಸ್ಥಾಪಕರ ಮಗ. ಮನೆತನದ ಗಾದಿಗೆ ಮಗ ಬಂದದ್ದರಲ್ಲಿ ವಿಶೇಷವೇನೂ ಇಲ್ಲ. ಅದಕ್ಕೆ ಮೊದಲು ಅವರು ಎಲ್ಲಿದ್ದರು ಎಂಬುದು ಮುಖ್ಯ. ಹಲವು ವರ್ಷ ಅವರು ನಡೆಸಿದ್ದು ಹ್ಯುಂಡೈನ ಸರ್ವಿಸ್ ಕಂಪನಿಯನ್ನು. ಅಂದರೆ ಕೆಟ್ಟು ಬಂದ ಕಾರುಗಳನ್ನು ರಿಪೇರಿ ಮಾಡಿ ಕಳಿಸುವ, ಗಿರಾಕಿಯ ಬೈಗುಳ ಕೇಳುವ ಜಾಗ. ಮದುವೆ ಮನೆಯಲ್ಲಿ ಎಲೆ ತೆಗೆಯುವವನಿಗೆ ಯಾವ ಪಲ್ಯ ಉಳಿದಿದೆ ಎಂಬುದು ಅಡುಗೆಯವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅವರು ಉಲ್ಸಾನ್‌ಗೆ ಹೋದಾಗಿನ ಒಂದು ಘಟನೆ ಆಗ ಪತ್ರಿಕೆಗಳಲ್ಲೂ ಬಂದಿತ್ತು. ಸೊನಾಟಾ ಕಾರಿನ ಬಾನೆಟ್ ಎತ್ತಿ ನೋಡಿದರೆ ಒಳಗೆ ಜೋತಾಡುವ ತಂತಿಗಳು, ಒಂದಕ್ಕೊಂದು ಸುತ್ತಿಕೊಂಡ ಕೊಳವೆಗಳು. ಬೋಲ್ಟುಗಳಿಗೆ ಒಂದಲ್ಲ, ನಾಲ್ಕು ಬಣ್ಣ. ಅಲ್ಲಿಯೇ ಅಪ್ಪಣೆಯಾಯಿತು: ಬೋಲ್ಟು, ಸ್ಕ್ರೂ ಎಲ್ಲಕ್ಕೂ ಕಪ್ಪು ಬಣ್ಣ ಹೊಡೆಯಿರಿ, ಬಾನೆಟ್ಟಿನ ಕೆಳಗೆ ಎಲ್ಲವೂ ಒಪ್ಪವಾಗಿರದ ಹೊರತು ಕಾರು ಹೊರಗೆ ಹೋಗಕೂಡದು. ಬೋಲ್ಟಿನ ಬಣ್ಣಕ್ಕೂ ಎಂಜಿನ್ನಿನ ಆಯುಷ್ಯಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ನಾಲ್ಕು ಬಣ್ಣದ ಬೋಲ್ಟು ಬಂದಿದೆ ಎಂದರೆ ಎಲ್ಲಿಂದ ಬಂತು, ಯಾರು ಹಾಕಿದರು ಎಂದು ಯಾರೂ ನೋಡುತ್ತಿಲ್ಲ ಎಂದರ್ಥ. ನೂರು ಜನರಷ್ಟಿದ್ದ ಗುಣಮಟ್ಟದ ತಂಡವನ್ನು ಅವರು ಎಂಟುನೂರಕ್ಕೂ ಮೇಲೆ ಬೆಳೆಸಿದರು.

ವಾರಂಟಿ ನಿಜವಾಗಿ ಕೆಲಸ ಮಾಡಿದ್ದು ಇಲ್ಲಿ, ಗಿರಾಕಿಯ ಕಣ್ಣಿಗೆ ಕಾಣದ ಜಾಗದಲ್ಲಿ. ಒಹಾಯೊದ ಡೀಲರ್ ಒಬ್ಬ ವಾರಂಟಿಯಡಿ ಗೇರ್‌ಬಾಕ್ಸ್ ಬದಲಿಸಿದರೆ ಅದರ ಬಿಲ್ಲು ಕೊನೆಗೆ ಕೊರಿಯಾದ ರಾಜಧಾನಿ ಸೋಲ್‌ನಲ್ಲಿರುವ ಕೇಂದ್ರ ಕಚೇರಿಯ ಲೆಕ್ಕದ ಪುಸ್ತಕಕ್ಕೆ ಬಂದು ಬೀಳುತ್ತದೆ. ಐದು ವರ್ಷದ ನಂತರ ಕೆಟ್ಟರೆ ಮಾಲೀಕನ ಹಣೆಬರಹ ಎನ್ನುತ್ತಿದ್ದ ಕಂಪನಿಗೆ ಈಗ ಹತ್ತು ವರ್ಷ ಕೆಡದ ಭಾಗವನ್ನು ಮಾಡದೆ ಗತ್ಯಂತರವಿಲ್ಲ. ಹಳೆಯ ಎಕ್ಸೆಲ್‌ನಂಥ ಕಾರಿಗೆ ಈ ವಾರಂಟಿ ಕೊಟ್ಟಿದ್ದರೆ ಕಂಪನಿ ಮುಳುಗುತ್ತಿತ್ತು, ಅಷ್ಟೇ.

ಫಲ ಕಂಡದ್ದು 2004ರಲ್ಲಿ. ಜೆ.ಡಿ. ಪವರ್ ಸಂಸ್ಥೆ ಪ್ರತಿವರ್ಷ ಹೊಸ ಕಾರು ಕೊಂಡವರನ್ನು ಮೊದಲ ಮೂರು ತಿಂಗಳಲ್ಲಿ ಏನೇನು ತೊಂದರೆಯಾಯಿತು ಎಂದು ಕೇಳುತ್ತದೆ. 1998ರಲ್ಲಿ ಪ್ರತಿ ನೂರು ಹ್ಯುಂಡೈ ಕಾರುಗಳಿಗೆ 272 ದೂರುಗಳಿದ್ದವು. 2004ರಲ್ಲಿ ಅದು 102. ಹೋಂಡಾಕ್ಕೆ ಸರಿಸಮ, ಟೊಯೊಟಾಗೆ ಕೂದಲೆಳೆಯ ಅಂತರ. ಮೂರು ತಿಂಗಳ ಪರೀಕ್ಷೆ ಮಾತ್ರ ಇದು, ಹತ್ತು ವರ್ಷದ ಬಾಳಿಕೆಯ ಪ್ರಮಾಣಪತ್ರವಲ್ಲ. ಹಾಗೆಂದು ಮೇಷ್ಟ್ರ ಬುದ್ಧಿ ನನ್ನನ್ನು ಎಚ್ಚರಿಸುತ್ತದೆ. ಆದರೂ ಆ ಅಂಕಿ ಓದಿದ ಅಮೆರಿಕನ್ನರ ಹುಬ್ಬು ಏರಿತು. ಮರುವರ್ಷ ಅಲಬಾಮಾದ ಮಾಂಟ್‌ಗಮರಿಯಲ್ಲಿ ಹ್ಯುಂಡೈ ಕಾರ್ಖಾನೆ ಶುರುವಾಯಿತು, ಸೊನಾಟಾ ಅಲ್ಲಿಯೇ ತಯಾರಾಗತೊಡಗಿತು.

2009ರ ಕಥೆಯನ್ನು ಬಿಡುವಂತಿಲ್ಲ. ಜನ ದಿನಬೆಳಗಾದರೆ ಕೆಲಸ ಕಳೆದುಕೊಳ್ಳುತ್ತಿದ್ದ ಆ ಜನವರಿಯಲ್ಲಿ ಹ್ಯುಂಡೈ ಹೇಳಿತು: ನಮ್ಮ ಕಾರು ಕೊಳ್ಳಿ, ಒಂದು ವರ್ಷದೊಳಗೆ ಕೆಲಸ ಹೋದರೆ ಕಾರನ್ನು ಹಿಂದಿರುಗಿಸಿ. ಆ ವರ್ಷ ಅಮೆರಿಕದ ಒಟ್ಟು ಕಾರು ಮಾರಾಟ ಶೇ 21ರಷ್ಟು ಕುಸಿಯಿತು, ಹ್ಯುಂಡೈ ಮಾತ್ರ ಶೇ 8ರಷ್ಟು ಏರಿತು. ಹಿಂದಿರುಗಿಸಿದವರು ಕೆಲವೇ ನೂರು ಜನ. ಅದೇ ಜನವರಿಯಲ್ಲಿ ಹ್ಯುಂಡೈ ಜೆನೆಸಿಸ್‌ಗೆ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿ ಬಂದಿತ್ತು. 1989ರಲ್ಲಿ ಇದೇ ಯೋಜನೆ ಘೋಷಿಸಿದ್ದರೆ, ಕೆಲಸ ಇರಲಿ ಹೋಗಲಿ, ಎಕ್ಸೆಲ್ ಕೊಂಡವರೆಲ್ಲ ಹಿಂದಿರುಗಿಸಲು ಡೀಲರ್ ಬಾಗಿಲಲ್ಲಿ ಪಾಳಿ ಹಚ್ಚುತ್ತಿದ್ದರು.

ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. 2012ರಲ್ಲಿ ಹ್ಯುಂಡೈ ಮತ್ತು ಅದರ ಸೋದರ ಕಂಪನಿ ಕಿಯಾ ಸುಮಾರು 9 ಲಕ್ಷ ಕಾರುಗಳ ಮೈಲೇಜನ್ನು ಹೆಚ್ಚಿಸಿ ತೋರಿಸಿದ್ದು ಬಯಲಾಯಿತು, 2014ರಲ್ಲಿ 10 ಕೋಟಿ ಡಾಲರ್ ದಂಡ ಬಿತ್ತು. 2015ರಿಂದ ‘ಥೀಟಾ 2’ ಎಂಜಿನ್ನಿನ ಗಲಾಟೆ. ತಯಾರಿಕೆಯ ಹೊತ್ತಿಗೆ ಉಳಿದ ಲೋಹದ ಚೂರುಗಳು ಎಣ್ಣೆಯ ದಾರಿ ಕಟ್ಟಿ, ಓಡುತ್ತಿದ್ದ ಕಾರಿನ ಎಂಜಿನ್ ಜಾಮ್ ಆಗುತ್ತಿತ್ತು. ಒಳಗಿನ ಕಾಗದಪತ್ರಗಳನ್ನು ಸರ್ಕಾರದ ಮುಂದಿಟ್ಟದ್ದು ಕಂಪನಿಯದೇ ಎಂಜಿನಿಯರ್ ಕಿಮ್ ಗ್ವಾಂಗ್-ಹೋ. 2021ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಅವರಿಗೆ 2.4 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ಕೊಟ್ಟಿತು. ಆ ಎಂಜಿನ್ನುಗಳಿಗೆ ಕಂಪನಿ ಕೊನೆಗೆ ಜೀವಮಾನದ ವಾರಂಟಿಯನ್ನೇ ಕೊಡಬೇಕಾಯಿತು. ವಾರಂಟಿವಾದಿಗಳೇ, ಇದರಿಂದ ಎಷ್ಟು ಹೆಸರು ಬಂತು ಎಂದು ಲೆಕ್ಕ ಹಾಕಿ ಹೇಳಿ.

ಇನ್ನು ನಿಮ್ಮ ಮಗನ ವಿಷಯ. ನೀವು ಕೇಳದೇ ಇದ್ದದ್ದು ಇದು, ಕೇಳಬೇಕಾಗಿದ್ದುದೂ ಇದೇ. ಅವನು ಕೊಳ್ಳಲಿರುವುದು ಹಳೆಯ ಕಾರು. ಹತ್ತು ವರ್ಷದ ವಾರಂಟಿ ಮೊದಲ ಮಾಲೀಕನಿಗೆ ಮಾತ್ರ. ಕಾರು ಕೈ ಬದಲಿಸಿದೊಡನೆ ಅದು ಐದು ವರ್ಷ, 60 ಸಾವಿರ ಮೈಲಿಗೆ ಇಳಿಯುತ್ತದೆ, ಅದೂ ಕಾರು ಮೊದಲು ರಸ್ತೆಗಿಳಿದ ದಿನದಿಂದ ಲೆಕ್ಕ. ಏಳು ವರ್ಷದ ಎಲಾಂಟ್ರಾ ಕೊಂಡರೆ ಅವನ ಪಾಲಿಗೆ ಉಳಿಯುವುದು ಸೊನ್ನೆ. ಹ್ಯುಂಡೈ ಡೀಲರ್‌ನಿಂದಲೇ, ಕಂಪನಿ ಪರಿಶೀಲಿಸಿ ಪ್ರಮಾಣೀಕರಿಸಿದ ಹಳೆಯ ಕಾರನ್ನು ಕೊಂಡರೆ ಮಾತ್ರ ಹತ್ತು ವರ್ಷದ ಮಾತು ಮತ್ತೆ ಊರ್ಜಿತವಾಗುತ್ತದೆ.

ಎರಡನೆಯದು ಕಳ್ಳತನ. ಬೆಂಗಳೂರಿನಲ್ಲಿ ಕಾರಿನ ಕೀಲಿ ಕಳೆದವರಿಗೆ ಗೊತ್ತು, ಹೊಸ ಕೀಲಿಗೆ ಸಾವಿರಾರು ರೂಪಾಯಿ. ಕೀಲಿಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಸರಿಯಾದ ಗುರುತು ಹೇಳದಿದ್ದರೆ ಎಂಜಿನ್ ಹತ್ತದು. ಅದೇ ಇಮೊಬಿಲೈಜರ್. ಕೆನಡಾದಲ್ಲಿ 2007ರಿಂದ ಅದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಿಲ್ಲ, ಆದರೂ 2015ರ ಮಾದರಿಗಳಲ್ಲಿ ಬೇರೆ ಕಂಪನಿಗಳ ಶೇ 96ರಷ್ಟು ಕಾರುಗಳಲ್ಲಿ ಅದಿತ್ತು. ಹ್ಯುಂಡೈ-ಕಿಯಾದಲ್ಲಿ ಶೇ 26ರಷ್ಟರಲ್ಲಿ ಮಾತ್ರ. ಉಳಿಸಿದ ಕಾಸಿಗೆ ಬಡ್ಡಿ ಸಮೇತ ತೆತ್ತರು. 2021ರಲ್ಲಿ ಮಿಲ್ವಾಕಿ ನಗರದ ಹುಡುಗರು ಕದಿಯುವ ಬಗೆಯನ್ನು ವಿಡಿಯೊ ಮಾಡಿ ಹರಡಿದರು, ಪಿಡುಗು ದೇಶವೆಲ್ಲ ಹಬ್ಬಿತು. 2023ರಲ್ಲಿ 83 ಲಕ್ಷ ಕಾರುಗಳಿಗೆ ಉಚಿತ ಸಾಫ್ಟ್‌ವೇರ್ ಪರಿಹಾರ ಘೋಷಣೆಯಾಯಿತು. ಕೆಲವು ನಗರಗಳಲ್ಲಿ ದೊಡ್ಡ ವಿಮಾ ಕಂಪನಿಗಳು ಈ ಮಾದರಿಗಳಿಗೆ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದ್ದವು. ಹಾಗಾಗಿ ಮಗನಿಗೆ ಹೇಳಿ: 2011ರಿಂದ 2022ರ ನಡುವಿನ, ಕೀಲಿ ತಿರುಗಿಸಿ ಹೊತ್ತಿಸುವ ಕಾರಾದರೆ ಮೊದಲು ವಿಮೆಯ ದರ ಕೇಳಲಿ, ಆಮೇಲೆ ಕಾರಿನ ಬೆಲೆ ಕೇಳಲಿ. ಚಾಲಕನ ಬದಿ ಮುಂದಿನ ಗಾಜಿನ ಮೂಲೆಯಲ್ಲಿ ಹದಿನೇಳು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಅದನ್ನು ಹೆದ್ದಾರಿ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ಹಾಕಿದರೆ ಸುರಕ್ಷತೆಯ ದೋಷಕ್ಕಾಗಿ ಕಂಪನಿ ವಾಪಸು ಕರೆದು ಮಾಡಿಕೊಡಬೇಕಾದ (ರೀಕಾಲ್) ರಿಪೇರಿ ಬಾಕಿಯಿದ್ದರೆ ಗೊತ್ತಾಗುತ್ತದೆ. ಕಾಸಿಲ್ಲದ ಕೆಲಸ, ಎರಡು ನಿಮಿಷ ಸಾಕು.

ಡೀಲರ್ ಬಳಿ ಹೋದಾಗ ಅವನು ನಮ್ಮೂರಿನಂತೆ ‘ಹುಂಡೈ’ ಎಂದರೆ ಎದುರಿನವರು ಕಣ್ಣು ಪಿಳುಕಿಸಬಹುದು. ಕೊರಿಯನ್ ಭಾಷೆಯಲ್ಲಿ ಆ ಪದಕ್ಕೆ ‘ಆಧುನಿಕ’ ಎಂಬ ಅರ್ಥ, ಉಚ್ಚಾರಣೆ ಹೆಚ್ಚುಕಡಿಮೆ ‘ಹ್ಯೊನ್‌ದೇ’. ಅಮೆರಿಕದಲ್ಲಿ ‘ಸಂಡೇ’ಗೆ ಪ್ರಾಸವಾಗುವಂತೆ ಹೇಳಿ ಎಂದು ಕಂಪನಿಯೇ ಜನಕ್ಕೆ ಕಲಿಸಿಕೊಟ್ಟಿತ್ತು. ಬಚ್ಚಲುಮನೆಯ ಹಂಡೆಯನ್ನು ನೆನೆಸಿಕೊಂಡು ಕೊನೆಯನ್ನು ಕೊಂಚ ಎಳೆದರೆ ಸಾಕು, ಅವರಿಗೆ ತಿಳಿಯುತ್ತದೆ.