ಪ್ಲಗ್ ಇಲ್ಲದ ಹೈಬ್ರಿಡ್‌ಗೆ ಜಾಸ್ತಿ ಮೈಲೇಜ್ ಎಲ್ಲಿಂದ ಬಂತು?

ಚಳಿಗಾಲದ ರಾತ್ರಿ ಮನೆ ಮುಂದೆ ಕಾರು ತಂದು ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಬೀದಿ ಬೆಕ್ಕು ಬಂದು ಬಾನೆಟ್ ಮೇಲೆ ಮುದುಡಿಕೊಂಡು ಮಲಗುತ್ತದೆ. ಅದಕ್ಕೆ ಬೆಚ್ಚನೆ ಹಾಸಿಗೆ. ಆ ಬಿಸಿಗೆ ದುಡ್ಡು ಕೊಟ್ಟವರು ನಾವು, ಪೆಟ್ರೋಲ್ ಬಂಕಿನಲ್ಲಿ.

ಮಾಮೂಲಿ ಪೆಟ್ರೋಲ್ ಕಾರಿನಲ್ಲಿ 100 ರೂಪಾಯಿಯ ಪೆಟ್ರೋಲ್ ಉರಿದರೆ ಚಕ್ರದವರೆಗೆ ತಲುಪುವುದು ಹೆಚ್ಚು ಕಡಿಮೆ 20–25 ರೂಪಾಯಿಯಷ್ಟು ಶಕ್ತಿ. ಊರೊಳಗಿನ ಟ್ರಾಫಿಕ್ಕಿನಲ್ಲಿ ಅಷ್ಟೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಒಂದಷ್ಟು ಸೈಲೆನ್ಸರಿನಿಂದ, ಇನ್ನೊಂದಷ್ಟು ರೇಡಿಯೇಟರಿನಿಂದ. ಕಾರು ಕಂಪನಿಗಳು ಮೈಲೇಜ್ ಹೆಚ್ಚಿಸುವುದು ಅಂದರೆ ಈ ಸೋರಿಕೆಯ ತೂತುಗಳನ್ನು ಹುಡುಕಿ ಮುಚ್ಚುವ ಕೆಲಸ.

ಇದರಲ್ಲಿ ನನಗೆ ತುಂಬಾ ದಿನ ಅರ್ಥವಾಗದೆ ಉಳಿದದ್ದು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟರೂ ಇರುವ ಕಾರು. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಅಲ್ಲ, ಬರೀ ಪೆಟ್ರೋಲ್ ಹಾಕಿ ಓಡಿಸುವಂಥದ್ದು. ಅದರ ಬ್ಯಾಟರಿಗೆ ಹೊರಗಿನಿಂದ ಒಂದು ಹನಿ ಕರೆಂಟೂ ಬರುವುದಿಲ್ಲ. ಅದರೊಳಗಿರುವ ಶಕ್ತಿಯೆಲ್ಲ ಮೂಲದಲ್ಲಿ ಪೆಟ್ರೋಲಿನದೇ. ಪೆಟ್ರೋಲಿನಿಂದ ಕರೆಂಟ್ ಮಾಡಿ, ಆ ಕರೆಂಟಿನಿಂದ ಮೋಟರ್ ತಿರುಗಿಸುವಾಗ ದಾರಿಯಲ್ಲಿ ಇನ್ನಷ್ಟು ನಷ್ಟವೇ ಆಗಬೇಕು, ಅಲ್ವಾ? ಮೇಲಾಗಿ ಮೋಟರ್, ಬ್ಯಾಟರಿಗಳ ತೂಕ ಬೇರೆ. ಹಾಗಿದ್ದೂ ಅದು ಹೆಚ್ಚು ಕಿಲೋಮೀಟರ್ ಕೊಡುತ್ತದೆ.

ಟೊಯೊಟಾದ ಎಂಜಿನಿಯರುಗಳ ಮುಂದೆ ಈ ಲೆಕ್ಕ ಬಂದದ್ದು 1990ರ ದಶಕದಲ್ಲಿ. 1993ರಲ್ಲಿ ಕಂಪನಿ ಜಿ21 ಅನ್ನುವ ಯೋಜನೆ ಶುರುಮಾಡಿತು. 21ನೇ ಶತಮಾನದ ಕಾರು ಹೇಗಿರಬೇಕು ಎಂದು ಯೋಚಿಸುವುದು ಅದರ ಕೆಲಸ. ಮುಖ್ಯಸ್ಥ ತಕೇಶಿ ಉಚಿಯಾಮಾದ ಅದಕ್ಕೆ ಮುಂಚೆ ಒಂದು ಕಾರಿನ ವಿನ್ಯಾಸವನ್ನೂ ಮುನ್ನಡೆಸಿದವರಲ್ಲ. ಮೈಲೇಜನ್ನು ಒಂದೂವರೆ ಪಟ್ಟು ಮಾಡುತ್ತೇವೆ ಎಂದು ತಂಡ ಹೊರಟಿತ್ತು. ಅದು ಸಾಲದು, ಎರಡು ಪಟ್ಟು ಮಾಡಿ ಎಂದರು ಮೇಲಿನವರು. ಇರುವ ಎಂಜಿನ್ನನ್ನೇ ಅಲ್ಲಿ ಇಲ್ಲಿ ತಿದ್ದಿದರೆ ಒಂದೂವರೆ ಪಟ್ಟು ಮಾಡಬಹುದಿತ್ತು, ಎರಡು ಪಟ್ಟಿಗೆ ಆ ದಾರಿ ಇರಲಿಲ್ಲ. ತಂಡ ಹೈಬ್ರಿಡ್ ಕಡೆ ತಿರುಗಿತು. 1995ರ ಕೊನೆಗೆ ತಯಾರಾದ ಮೊದಲ ಕಾರು ಜಾಗ ಬಿಟ್ಟು ಅಲುಗಲಿಲ್ಲ. 49 ದಿನ ಒದ್ದಾಡಿದ ಮೇಲೆ ಕದಲಿತು. 1997ರ ಡಿಸೆಂಬರಿನಲ್ಲಿ ಆ ಕಾರು ಪ್ರಿಯಸ್ ಎಂಬ ಹೆಸರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅದೇ ತಿಂಗಳು ಅದೇ ದೇಶದ ಕ್ಯೋಟೋದಲ್ಲಿ ಹವಾಮಾನ ಒಪ್ಪಂದವೂ ಆಯಿತು. ಜಪಾನಿನ ಆಗಿನ ಪರೀಕ್ಷೆಯಲ್ಲಿ ಪ್ರಿಯಸ್ ಲೀಟರಿಗೆ 28 ಕಿ.ಮೀ. ಓಡಿತು.

ಈಗ ಬಾನೆಟ್ ಎತ್ತೋಣ. ಮೊದಲ ಪ್ರಿಯಸ್‌ನದ್ದು 1.5 ಲೀಟರ್ ಎಂಜಿನ್. ಶಕ್ತಿ ಮಾತ್ರ 58 ಹಾರ್ಸ್‌ಪವರ್. ಅಷ್ಟೇ ದೊಡ್ಡ ಮಾಮೂಲಿ ಎಂಜಿನ್ನಿಂದ 100ರ ಆಸುಪಾಸು ಸಿಗುತ್ತದೆ. ಹೈಬ್ರಿಡ್ ಅಂದರೆ ಬ್ಯಾಟರಿಯ ಚಮತ್ಕಾರ ಎಂದುಕೊಂಡಿರುತ್ತೇವೆ. ನನಗೆ ಕಾಣುವಂತೆ ಅದರ ಗುಟ್ಟು ಬೇಕೆಂದೇ ಸೊರಗಿಸಿದ ಈ ಎಂಜಿನ್ನಿನಲ್ಲಿದೆ. ಬ್ಯಾಟರಿ ಅದಕ್ಕೆ ಊರುಗೋಲು.

ಮಾಮೂಲಿ ಕಾರಿನ ಎಂಜಿನ್ನು ಅಪರೂಪದ ಕಷ್ಟಕ್ಕೆಂದು ಮಾಡಿದ್ದು. ಐದು ಜನ ಕೂತು, ಡಿಕ್ಕಿ ತುಂಬಿಸಿಕೊಂಡು, ಎಸಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವಾಗ ಏದುಸಿರು ಬಿಡಬಾರದು. ಅದಕ್ಕೇ 100 ಹಾರ್ಸ್‌ಪವರ್. ಆದರೆ ಸಮತಟ್ಟಾದ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಿದ್ದರೆ ಸಾಧಾರಣ ಕಾರಿಗೆ 10 ಹಾರ್ಸ್‌ಪವರ್ ಕೂಡ ಬೇಡ. ಮದುವೆಗೆ ಬೇಕಾದ ದೊಡ್ಡ ಕೊಪ್ಪರಿಗೆಯಲ್ಲಿ ದಿನಾ ಇಬ್ಬರಿಗೆ ಅನ್ನ ಮಾಡಿದ ಹಾಗೆ. ಎಂಜಿನ್ನು ಸಣ್ಣ ಕೆಲಸ ಮಾಡುವಾಗ ಅದರ ಮೂಗು ಒತ್ತಿ ಹಿಡಿಯಬೇಕಾಗುತ್ತದೆ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದಾಗ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಎಂಬ ಮುಚ್ಚಳ ಮುಕ್ಕಾಲು ಮುಚ್ಚಿರುತ್ತದೆ. ಸೂಜಿಯಿಲ್ಲದ ಸಿರಿಂಜಿನ ತುದಿಗೆ ಬೆರಳು ಅಡ್ಡ ಹಿಡಿದು ಹಿಡಿಕೆ ಎಳೆದು ನೋಡಿ, ಎಷ್ಟು ಬಿಗಿ ಗೊತ್ತಾಗುತ್ತದೆ. ಪಿಸ್ಟನ್ ಹೀಗೆ ಎಳೆಯುತ್ತಲೇ ಇರುತ್ತದೆ, ನಿಮಿಷಕ್ಕೆ ನೂರಾರು ಸಲ. ಅದಕ್ಕೂ ಪೆಟ್ರೋಲ್ ಬೇಕು.

ಇನ್ನೊಂದು ನಷ್ಟ ಕಿವಿಗೇ ಕೇಳುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದು ಹಿಗ್ಗಿದ ಅನಿಲ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಪಿಸ್ಟನ್ ತಳ ಮುಟ್ಟಿದಾಗಲೂ ಅನಿಲದಲ್ಲಿ ಒತ್ತಡ ಉಳಿದಿರುತ್ತದೆ. ಅಷ್ಟರಲ್ಲಿ ವಾಲ್ವ್ ತೆರೆದು ಅದು ಭರ್ರೆಂದು ಹೊರಗೆ ಓಡುತ್ತದೆ. ಸೈಲೆನ್ಸರ್ ಕಿತ್ತ ಬೈಕಿನ ಆರ್ಭಟವಿದೆಯಲ್ಲ, ಅದರ ಬಹುಭಾಗ ಕೆಲಸಕ್ಕೆ ಬಾರದೆ ಹೋದ ಒತ್ತಡದ ಸದ್ದು. (ಅಂಥ ಬೈಕ್ ಓಡಿಸುವವರಿಗೆ ಇದನ್ನು ಹೇಳಿ ನೋಡಿದ್ದೇನೆ. ಪ್ರಯೋಜನವಾಗಲಿಲ್ಲ.)

ಈ ಒತ್ತಡವನ್ನು ಬಿಡಬಾರದು ಎಂದು 1880ರ ದಶಕದಲ್ಲೇ ಜೇಮ್ಸ್ ಅಟ್ಕಿನ್ಸನ್ ಎಂಬ ಇಂಗ್ಲಿಷ್ ಎಂಜಿನಿಯರ್ ಉಪಾಯ ಮಾಡಿದ್ದ. ಅವನ ಎಂಜಿನ್ನಿನಲ್ಲಿ ಅನಿಲ ಹಿಗ್ಗುವ ದಾರಿ ಅದನ್ನು ಕುಗ್ಗಿಸುವ ದಾರಿಗಿಂತ ಉದ್ದ. ಅದಕ್ಕಾಗಿ ಸನ್ನೆಕೋಲುಗಳ ದೊಡ್ಡ ಗೋಜಲನ್ನೇ ಕಟ್ಟಿದ್ದ. ಟೊಯೊಟಾ ಅದೇ ಕೆಲಸವನ್ನು ವಾಲ್ವಿನಿಂದ ಮಾಡಿಸಿತು. ಪಿಸ್ಟನ್ ಮೇಲೇರಲು ಶುರುಮಾಡಿದರೂ ಗಾಳಿ ಬರುವ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಒಳಗೆ ಬಂದದ್ದರಲ್ಲಿ ಒಂದು ಪಾಲು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಉಳಿದಷ್ಟು ಮಾತ್ರ ಉರಿಯುತ್ತದೆ, ಆದರೆ ಉದ್ದಕ್ಕೂ ಹಿಗ್ಗಿ ಕೆಲಸ ಮುಗಿಸಿಯೇ ಹೊರಬೀಳುತ್ತದೆ. ಗಾಳಿ ವಾಪಸ್ ಹೋಗುವುದರಿಂದ ಮೂಗು ಅಷ್ಟು ಬಿಗಿಯಾಗಿ ಒತ್ತಬೇಕಾಗಿಯೂ ಇಲ್ಲ.

ಇಷ್ಟು ಒಳ್ಳೆಯ ಎಂಜಿನ್ನು ನೂರು ವರ್ಷ ಕಾರಿನಲ್ಲಿ ಯಾಕೆ ಕಾಣಲಿಲ್ಲ ಅಂದರೆ ಅದಕ್ಕೆ ಎಳೆತ ಕಡಿಮೆ. ಸಿಗ್ನಲ್ ಬಿಟ್ಟಾಗ ಚಟ್ಟನೆ ಎದ್ದು ಹೋಗುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ಜೀವ ತೆಗೆಯುತ್ತಾರೆ. ವಿದ್ಯುತ್ ಮೋಟರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ನಿಂತಲ್ಲಿಂದ ಹೊರಡುವಾಗಲೇ ಅದರ ಎಳೆತ ಜಾಸ್ತಿ. ಹೊರಡುವ ಕೆಲಸ ಮೋಟರಿಗೆ, ಓಡುವ ಕೆಲಸ ಎಂಜಿನ್ನಿಗೆ. ಇಬ್ಬರನ್ನೂ ಜೋಡಿಸುವುದು ಒಂದು ಪ್ಲಾನೆಟರಿ ಗೇರ್. ನಡುವಿನ ಹಲ್ಲುಚಕ್ರಕ್ಕೆ ಜನರೇಟರ್, ಅದರ ಸುತ್ತ ತಿರುಗುವ ಪುಟ್ಟ ಚಕ್ರಗಳಿಗೆ ಎಂಜಿನ್ನು, ಹೊರಗಿನ ಬಳೆಯಂಥ ಚಕ್ರಕ್ಕೆ ಮೋಟರ್ ಮತ್ತು ಕಾರಿನ ಗಾಲಿ. ಕ್ಲಚ್ ಇಲ್ಲ, ಗೇರ್ ಬದಲಿಸುವ ಗೋಜೂ ಇಲ್ಲ. ಕಾರಿನ ವೇಗ ಎಷ್ಟೇ ಇರಲಿ, ಎಂಜಿನ್ನು ಆದಷ್ಟೂ ತನಗೆ ಹಿತವಾದ ವೇಗದಲ್ಲೇ ತಿರುಗುತ್ತದೆ. ಹಿತವಾಗದ ಕಡೆ ಸುಮ್ನೆ ಆಫ್ ಆಗುತ್ತದೆ.

ಬ್ರೇಕಿನ ಲೆಕ್ಕ ಇದಕ್ಕಿಂತ ಸುಲಭ. ಜನರೂ ಸೇರಿ 1200 ಕಿಲೋ ತೂಗುವ ಕಾರು 50ರ ವೇಗದಲ್ಲಿ ಹೋಗುತ್ತಿದೆ ಎನ್ನಿ. ಅದನ್ನು ನಿಲ್ಲಿಸಿದಾಗ ಬ್ರೇಕಿನಲ್ಲಿ ಹುಟ್ಟುವ ಬಿಸಿಗೆ ಕಾಲು ಲೀಟರಿಗೂ ಹೆಚ್ಚು ತಣ್ಣೀರು ಕುದಿ ಬರುತ್ತದೆ. ಎರಡು ಲೋಟ ಕಾಫಿಯ ನೀರು! ಬೆಂಗಳೂರಿನಲ್ಲಿ ಆಫೀಸಿಗೆ ಹೋಗುವಷ್ಟರಲ್ಲಿ ಒಂದು ಸಣ್ಣ ಹೋಟೆಲ್ ನಡೆಸಬಹುದು. ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೋಟರ್ ಡೈನಮೋ ಆಗಿ ತಿರುಗಿ ಇದರಲ್ಲಿ ಒಂದು ಭಾಗವನ್ನು ಬ್ಯಾಟರಿಗೆ ಕಳಿಸುತ್ತದೆ. ಪೂರ್ತಿ ವಾಪಸ್ ಬರುವುದಿಲ್ಲ, ಬಂದಷ್ಟು ಲಾಭ. ನಿಂತು ನಿಂತು ಹೋಗುವ ಊರೊಳಗಿನ ದಾರಿಯಲ್ಲೇ ಇಂಥ ಕಾರಿಗೆ ಹೆಚ್ಚು ಅನುಕೂಲ. ದಿನವೂ ಹೈವೇಯಲ್ಲಿ ಒಂದೇ ಸಮ ಓಡಿಸುವವರಿಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ.

ಕರ್ನಾಟಕದಲ್ಲಿ ಇದನ್ನೆಲ್ಲ ನೋಡಲು ದೂರ ಹೋಗಬೇಕಿಲ್ಲ. ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಎರಡೂ ತಯಾರಾಗುತ್ತಿದ್ದದ್ದು ಬಿಡದಿಯ ಒಂದೇ ಕಾರ್ಖಾನೆಯಲ್ಲಿ. ಇವುಗಳ ಮಾಮೂಲಿ 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ (ಅದರ ಜೊತೆ ‘ಮೈಲ್ಡ್ ಹೈಬ್ರಿಡ್’ ಎಂಬ ಸಣ್ಣ ಮೋಟರಿನ ನೆರವೂ ಇದೆ) ಕಂಪನಿ ಹೇಳಿದ ಮೈಲೇಜ್ ಸುಮಾರು 21 ಕಿ.ಮೀ. ಅಷ್ಟೇ ದೊಡ್ಡ ಅಟ್ಕಿನ್ಸನ್ ಎಂಜಿನ್ ಇರುವ ಪೂರ್ತಿ ಹೈಬ್ರಿಡ್‌ಗೆ 27.97. ಈ ಅಂಕಿಗಳು ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಹಾಕದೆ ಓಡಿಸಿ ಬಂದವು. ರಸ್ತೆಯಲ್ಲಿ ಎರಡಕ್ಕೂ ಕಡಿಮೆಯೇ ಸಿಗುತ್ತದೆ. ನನ್ನ ಕಾರಂತೂ, ಹೈಬ್ರಿಡ್ ಅಲ್ಲ, ಕಾಗದದ ಮೇಲಿನ ಅಂಕಿಯನ್ನು ಈವರೆಗೆ ಒಮ್ಮೆಯೂ ಮುಟ್ಟಿಲ್ಲ.

ಉಳಿದ ತೂತುಗಳೂ ಇವೆ. ಟೈರು ಉರುಳುವಾಗಿನ ತಡೆ ತಗ್ಗಿಸಲು ಸಿಲಿಕಾ ಬೆರೆಸುತ್ತಾರೆ, ಎಂಜಿನ್ನಿನೊಳಗಿನ ಘರ್ಷಣೆಗೆ ನೀರಿನಂತೆ ತೆಳ್ಳಗಿನ ಆಯಿಲ್ಲು. ಗಾಳಿಯ ತಡೆ ಇವೆಲ್ಲಕ್ಕಿಂತ ದೊಡ್ಡದು. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. 1999ರ ಹೋಂಡಾ ಇನ್‌ಸೈಟ್‌ಗೆ ಹಿಂದಿನ ಚಕ್ರಗಳನ್ನು ಮುಚ್ಚಿದ್ದರು, ಮೈಯೆಲ್ಲ ಅಲ್ಯೂಮಿನಿಯಂ, ಸೀಟು ಎರಡೇ. ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1 ಇನ್ನೂ ಮುಂದೆ ಹೋಗಿ ಪಕ್ಕದ ಕನ್ನಡಿಗಳನ್ನೇ ಕಿತ್ತು ಕ್ಯಾಮೆರಾ ಇಟ್ಟಿತು. ತಯಾರಾದದ್ದು ಬರೀ 250. ಮೀನಿನಂಥ ಕಾರು ಮಾಡುವುದು ಎಂಜಿನಿಯರುಗಳಿಗೆ ಗೊತ್ತು. ಕೊಳ್ಳುವ ನಮಗೆ ಬೇಕಿರುವುದು ಬೀರುವಿನಂಥ ಕಾರು. ಎತ್ತರ, ಅಗಲ, ತೂಕ ಎಲ್ಲ ಜಾಸ್ತಿ. ನಮ್ಮ ದೇಶದ ನಿಯಮವೂ ಇದಕ್ಕೆ ಪೂರ್ತಿ ಅಡ್ಡಬರುವುದಿಲ್ಲ. ಕಂಪನಿಯ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಮಿತಿಯನ್ನು ಕಿ.ಮೀ.ಗೆ 130 ಗ್ರಾಮಿನಿಂದ 113ರ ಮಟ್ಟಕ್ಕೆ ಬಿಗಿ ಮಾಡಲಾಗಿದೆ, ನಿಜ. ಆದರೆ ಕಾರುಗಳ ತೂಕ ಹೆಚ್ಚಿದ್ದರೆ ಮಿತಿಯೂ ಅದಕ್ಕೆ ತಕ್ಕಂತೆ ಸಡಿಲವಾಗುತ್ತದೆ. ಎಂಜಿನ್ನಿನಲ್ಲಿ ಉಳಿಸಿದ್ದನ್ನು ತಗಡಿಗೆ ಸುರಿಯುತ್ತಿದ್ದೇವೆ ಅನ್ನುವುದು ನನ್ನ ತಕರಾರು.

ಪೂರ್ತಿ ವಿದ್ಯುತ್ ಕಾರಿನಲ್ಲಿ ಬಾನೆಟ್ ಅಡಿಯ ಈ ಬಿಸಿಯ ಕತೆಯೇ ಬಹುಮಟ್ಟಿಗೆ ಮುಗಿಯುತ್ತದೆ. 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ರೇವಾ, ಮುಂದೆ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲೂ ಓಡಾಡಿತು. ಒಳಗೆ ಲೆಡ್ ಆಸಿಡ್ ಬ್ಯಾಟರಿ. ಈಗಿನ ವಿದ್ಯುತ್ ಕಾರುಗಳಿಗೆ ಚಳಿದೇಶಗಳಲ್ಲಿ ಬೇರೆಯೇ ತಾಪತ್ರಯ. ಒಳಗೆ ಕೂತವರನ್ನು ಬೆಚ್ಚಗಿಡಲು ಬಿಟ್ಟಿ ಬಿಸಿ ಸಿಗುವುದಿಲ್ಲ. ಅದಕ್ಕೂ ಬ್ಯಾಟರಿಯನ್ನೇ ಖರ್ಚು ಮಾಡಬೇಕು, ಓಡುವ ದೂರ ಇಳಿಯುತ್ತದೆ.

ಹೈಬ್ರಿಡ್ ಮಾಡಿದವರಿಗೂ ಬಿಸಿಯ ಬೆಲೆ ಗೊತ್ತಾಗಿತ್ತು. ತಣ್ಣಗಿರುವ ಎಂಜಿನ್ನು ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಹೊಗೆಯೂ ಜಾಸ್ತಿ. ಹಾಗಾಗಿ ಅಮೆರಿಕದಲ್ಲಿ ಮಾರಿದ ಎರಡನೇ ತಲೆಮಾರಿನ ಪ್ರಿಯಸ್‌ನೊಳಗೆ ಟೊಯೊಟಾ ಸುಮಾರು 3 ಲೀಟರಿನ ಒಂದು ಫ್ಲಾಸ್ಕ್ ಇಟ್ಟಿತ್ತು. ಮನೆಯಲ್ಲಿ ಕಾಫಿ ಹಾಕಿಡುತ್ತೇವಲ್ಲ, ಅದೇ ಥರದ್ದು. ಕಾರು ನಿಲ್ಲಿಸಿದಾಗ ಎಂಜಿನ್ನಿನ ಬಿಸಿ ಕೂಲೆಂಟನ್ನು (ಎಂಜಿನ್ ತಣ್ಣಗಿಡಲು ಅದರೊಳಗೆ ಹರಿಯುವ ದ್ರವ) ಅದರಲ್ಲಿ ತುಂಬಿಟ್ಟುಕೊಳ್ಳುವುದು, ಬೆಳಿಗ್ಗೆ ಹೊರಡುವ ಮುಂಚೆ ಅದನ್ನೇ ಎಂಜಿನ್ನಿಗೆ ಹರಿಸಿ ಬೆಚ್ಚಗೆ ಮಾಡುವುದು.