ಒಂದು ನಿಮಿಷ ಉಸಿರು ಎಣಿಸುವುದು: ಮಕ್ಕಳ ನ್ಯುಮೋನಿಯಾ ಟಿಪ್ಪಣಿ

60, 50, 40. ಮಕ್ಕಳ ನರ್ಸಿಂಗ್ ಪೇಪರಿಗೆ ಓದುವವರೆಲ್ಲ ಈ ಮೂರು ಸಂಖ್ಯೆ ಬಾಯಿಪಾಠ ಮಾಡಿರುತ್ತೀರಿ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ ಅದು ವೇಗದ ಉಸಿರು, ನ್ಯುಮೋನಿಯಾ ಇರಬಹುದು ಅನ್ನುವ ಸೂಚನೆ. ಎರಡು ತಿಂಗಳಿಂದ ವರ್ಷ ತುಂಬುವವರೆಗೆ 50. ಅಲ್ಲಿಂದ ಐದು ವರ್ಷದವರೆಗೆ 40. ಪರೀಕ್ಷೆಗೆ ಇಷ್ಟು ಸಾಕು. ಕೂಸಿನ ಎದುರು ಕೂತಾಗ ಸಾಲುವುದಿಲ್ಲ.

ಮಳೆಗಾಲದ ರಜೆಯಲ್ಲಿ ಕಾರವಾರದಿಂದ ಶಿರಸಿ ಹತ್ತಿರದ ನಮ್ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಹನ್ನೊಂದು ತಿಂಗಳು. ಶೀತ, ಕೆಮ್ಮು, ಮೂಗು ಗೊರಗೊರ. ನಾನು ದೊಡ್ಡದಾಗಿ ವಾಚ್ ಹಿಡಿದು ಕೂತೆ. ಹಾಲು ಕುಡಿಯುತ್ತಿದ್ದವನನ್ನೇ ನೋಡಿ 15 ಸೆಕೆಂಡ್ ಎಣಿಸಿದೆ. 14 ಬಂತು, ನಾಲ್ಕರಿಂದ ಗುಣಿಸಿದರೆ 56! ಮನೆಯವರನ್ನೆಲ್ಲ ಹೆದರಿಸಿಬಿಟ್ಟೆ.

ಇಲ್ಲಿ ಎರಡು ತಪ್ಪು ಮಾಡಿದ್ದೆ. ಕೂಸು ಹಾಲು ಕುಡಿಯುವಾಗ, ಅಳುವಾಗ ಎಣಿಸಬಾರದು. ಜೊತೆಗೆ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಸ್ವಲ್ಪ ಹೊತ್ತು ಬೇಗ ಬೇಗ, ಆಮೇಲೆ ನಿಧಾನ. 15 ಸೆಕೆಂಡಿನಲ್ಲಿ ಒಂದು ಉಸಿರು ತಪ್ಪಿದರೆ ಗುಣಿಸಿದಾಗ ನಾಲ್ಕು ತಪ್ಪುತ್ತದೆ. ಅದಕ್ಕೇ ಪೂರ್ತಿ ಒಂದು ನಿಮಿಷ. ತೊಟ್ಟಿಲಲ್ಲಿ ನಿದ್ದೆ ಹೋದ ಮೇಲೆ ಅಂಗಿ ಮೇಲೆತ್ತಿ ಹೊಟ್ಟೆ ನೋಡಿಕೊಂಡು ಮತ್ತೆ ಎಣಿಸಿದೆ. 44.

ಉಸಿರು ಯಾಕೆ ಜೋರಾಗುತ್ತದೆ? ನ್ಯುಮೋನಿಯಾದಲ್ಲಿ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೀವು, ನೀರು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಶ್ವಾಸಕೋಶ ಬಿಗಿಯಾಗಿ, ದೊಡ್ಡ ಉಸಿರು ಎಳೆಯುವುದು ಕಷ್ಟವಾಗುತ್ತದೆ. ಆಗ ಮಗು ಸಣ್ಣ ಸಣ್ಣ ಉಸಿರನ್ನೇ ಬೇಗ ಬೇಗ ಎಳೆಯುತ್ತದೆ. ಇನ್ನೂ ಕಷ್ಟವಾದರೆ ಪಕ್ಕೆ ಸೆಳೆತ: ಉಸಿರು ಒಳಗೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತದೆ. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರುವುದಲ್ಲ, ಗಾಡಿ ಹತ್ತುವುದು. ಘಟ್ಟದ ರಸ್ತೆ, ಮಳೆ, ಅಲ್ವಾ? ಬೇಗ ಹೊರಟಷ್ಟೂ ಒಳ್ಳೆಯದು.

ಜ್ವರ ಬಂದರೂ, ಉಬ್ಬಸ ಇದ್ದರೂ ಉಸಿರು ಜೋರಾಗುತ್ತದೆ. ಹಾಗಾಗಿ ಸಂಖ್ಯೆ ದಾಟಿದ ಕೂಡಲೇ ನ್ಯುಮೋನಿಯಾ ಅಂತ ನಾವೇ ತೀರ್ಮಾನಿಸಿ, ಕಪಾಟಿನಲ್ಲಿ ಉಳಿದ ಆ್ಯಂಟಿಬಯೋಟಿಕ್ ಸಿರಪ್ ಕೊಡುವ ಹಾಗಿಲ್ಲ. ಡಾಕ್ಟರಿಗೆ ತೋರಿಸಬೇಕು, ಅಷ್ಟೇ.

ಎಣಿಕೆಯ ಬಗ್ಗೆ ನನಗೆ ತುಂಬಾ ಇಷ್ಟವಾದದ್ದು ಮಹಾರಾಷ್ಟ್ರದ ಗಡ್‌ಚಿರೋಲಿಯ ಕಥೆ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅಲ್ಲಿ ಹಳ್ಳಿಯವರಿಗೇ ನ್ಯುಮೋನಿಯಾ ಗುರುತಿಸಲು ಕಲಿಸಿದರು. ಓದು ಬರದ ಸೂಲಗಿತ್ತಿಯರಿಗೆ ಐವತ್ತರವರೆಗೆ ಎಣಿಸುವುದೇ ಕಷ್ಟ. ಅದಕ್ಕೆ ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು. ಮರಳು ಮುಗಿಯುವ ಮೊದಲೇ ಸಾಲಿನ ಕೊನೆಯ ಕೆಂಪು ಮಣಿಗೆ ಬಂದರೆ ಅಪಾಯ. ಎಷ್ಟು ಸರಳ ನೋಡಿ!

ಜಗತ್ತಿನ ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ, ಪ್ರಶ್ನೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2019ರಲ್ಲಿ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಆ ವಯಸ್ಸಿನ ಒಟ್ಟು ಸಾವುಗಳಲ್ಲಿ ಇದು 14%. ನವೆಂಬರ್ 12 ವಿಶ್ವ ನ್ಯುಮೋನಿಯಾ ದಿನ. ನಮ್ಮ ದೇಶದಲ್ಲಿ ಪಿಸಿವಿ (ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ) ಲಸಿಕೆ 2017ರಲ್ಲಿ ಕೆಲವು ಕಡೆ ಶುರುವಾಗಿ 2021ರಲ್ಲಿ ಎಲ್ಲ ಕಡೆ ಬಂತು: 6 ವಾರ, 14 ವಾರ, 9 ತಿಂಗಳು.

ಹೊಗೆಯ ವಿಷಯ ನಮ್ಮ ಜಿಲ್ಲೆಗೆ ಬೇರೆಯೇ. ಮನೆಯೊಳಗಿನ ಹೊಗೆ ಮಕ್ಕಳಲ್ಲಿ ನ್ಯುಮೋನಿಯಾ ಸಾಧ್ಯತೆಯನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡುತ್ತದೆ ಅಂತ ಪುಸ್ತಕದಲ್ಲಿದೆ. ಅಡುಗೆಗೆ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲ ಹಂಡೆಯ ಒಲೆ ಎಲ್ಲಿ ಹೋಯಿತು? ಮಳೆಗಾಲದಲ್ಲಿ ಹಸಿ ಸೌದೆ, ಮನೆ ತುಂಬಾ ಹೊಗೆ. ಕೂಸಿಗೆ ಎರೆಯುವುದೂ ಅಲ್ಲೇ. ಎರೆದ ಮೇಲೆ ತಲೆಗೆ ಧೂಪದ ಹೊಗೆ ಬೇರೆ. ಅಜ್ಜಿ ಹತ್ತಿರ ಧೂಪ ಬಿಡಿಸಲು ಇನ್ನೂ ಆಗಿಲ್ಲ. ನೀರನ್ನು ಬಕೆಟ್ಟಿನಲ್ಲಿ ತಂದು ಒಳಗಿನ ಕೋಣೆಯಲ್ಲಿ ಎರೆಯಲು ಒಪ್ಪಿದ್ದಾರೆ.

44ಕ್ಕೆ ವಾಪಸ್ ಬರೋಣ. ಹನ್ನೊಂದು ತಿಂಗಳಿಗೆ ಅದು ವೇಗದ ಉಸಿರಲ್ಲ. ಆದರೆ ವರ್ಷ ತುಂಬಿದ ದಿನದಿಂದ ಅದೇ 44 ವೇಗದ ಉಸಿರು. ಅಕ್ಕನ ಅಡುಗೆಮನೆ ಕ್ಯಾಲೆಂಡರಿನಲ್ಲಿ ಈ ತಿಂಗಳ ಹಾಳೆಗೆ 50, ಮುಂದಿನ ಹಾಳೆಯಲ್ಲಿ ಹುಟ್ಟುಹಬ್ಬದ ಚೌಕಕ್ಕೆ 40 ಅಂತ ಕೆಂಪು ಪೆನ್ನಲ್ಲಿ ಬರೆದು ಬಂದಿದ್ದೇನೆ.